ಆ ಬೆಡ್ ಬಿಟ್ಟು ಓಡಬೇಡಿ, ಸಿಸ್ಟರ್

ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ‘ಬಿಳಿ ಉಡುಪಿನ ದೇವತೆಯ ಕಣ್ಣೀರು’ ಕೈಸೇರಿತು. ಅಕ್ಷರ ದುಂಡಗಿದೆ, ಕಾಗುಣಿತ ತಪ್ಪಿಲ್ಲ. ದಾವಣಗೆರೆಯಂಥ ಆಸ್ಪತ್ರೆಗಳ ಊರಲ್ಲಿ, ಕರುಣೆಯೇ ದಣಿಯುವುದರ ಬಗ್ಗೆ ವಾರ್ಡಿನ ಒಳಗಿರುವವರೇ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಹೊಗಳಿಕೆ ಇಷ್ಟೇ. ಇನ್ನು ಜಗಳ.

ಐದನೇ ಪುಟದಲ್ಲಿ ಒಂದು ಸಾಲಿದೆ: ‘ಒಂಬತ್ತನೇ ಬೆಡ್ಡಿನ ಅಜ್ಜಿ ಹೋದಳು ಅಂದಾಗ ನನಗೆ ಮೊದಲು ಹೊಳೆದದ್ದು, ಸದ್ಯ, ಒಂದು ಬೆಡ್ ಖಾಲಿಯಾಯಿತು ಅಂತ.’ ಓದಿ ಚಹಾ ಲೋಟ ಕೆಳಗಿಟ್ಟೆ. ಆದರೆ ಮುಂದಿನ ಸಾಲು? ‘ಆದರೂ ಸೇವೆಯೇ ನಮ್ಮ ಉಸಿರು, ರೋಗಿಯ ನಗುವೇ ನಮ್ಮ ಸಂಬಳ.’ ಯಾಕಮ್ಮ ಹೀಗೆ ಮಾಡಿದಿರಿ? ನಿಜ ಹೇಳಿ, ಹೆದರಿ, ಓಡಿಬಿಟ್ಟಿರಿ.

ಅದರ ಕೆಳಗೆ: ‘ಕರುಣೆಯ ಕಡಲು ಬತ್ತಿದರೂ ಅಲೆಗಳು ನಿಲ್ಲಲಿಲ್ಲ.’ ಬತ್ತಿದ ಕಡಲಿಗೆ ಅಲೆ ಎಲ್ಲಿಂದ ಬರಬೇಕು? ನಮ್ಮೂರಿಗೆ ಕಡಲೇ ದೂರ, ಬಿಡಿ. ಆಮೇಲೆ: ‘ಅಂದು ಮನೆಗೆ ಬಂದು ಮಗನ ಜ್ವರಕ್ಕೂ ರೇಗಿದೆ.’ ಮತ್ತೆ ನಿಜ ಬಂತು. ಏನಂತ ರೇಗಿದಿರಿ? ಅವನು ಏನಂದ? ಅದು ಬೇಕಿತ್ತು ನನಗೆ. ನೀವು ಬರೆದದ್ದು ‘ತಾಯಿಯೂ ದೇವತೆಯಲ್ಲವೇ?’ ಅಂತ. ಅಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದ ಹೆಂಗಸು. ದೇವತೆಗೆ ಯಾರೂ ರಜೆ ಕೊಡಲ್ಲ, ನೋಡಿ.

ನಾನು ಕೆಲಸ ಕಲಿತದ್ದು ಚಿತ್ರದುರ್ಗದಲ್ಲಿ, ಒಂದು ಸಣ್ಣ ಪತ್ರಿಕೆಯಲ್ಲಿ. ಈಗಿನ ಹೆದ್ದಾರಿ 48ಕ್ಕೆ ಆಗ ಎನ್‌ಎಚ್‌ 4 ಅನ್ನುತ್ತಿದ್ದೆವು. ಹಿರಿಯೂರಿನಿಂದ ಈಚೆಗೆ ಅಪಘಾತವಾದರೆ ಶವಾಗಾರದ ಮುಂದೆ ನಿಂತು ಹೆಸರು, ಊರು ಬರೆದುಕೊಳ್ಳುವುದು ನನ್ನ ಪಾಲಿಗೆ. ಬರಬರುತ್ತಾ ಫೋನ್ ಬಂದರೆ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು, ‘ಎಷ್ಟು?’ ನಮ್ಮ ಉಪಸಂಪಾದಕರು ಅದನ್ನು ಕೇಳಿಸಿಕೊಂಡರು. ಬೈಯಲಿಲ್ಲ. ಅಲ್ಲಿಂದ ವಾಪಸ್ ಬಂದಾಗೆಲ್ಲ ಎದುರು ಕೂರಿಸಿಕೊಂಡು, ‘ಬರೆಯೋದು ಆಮೇಲೆ, ಏನು ನೋಡಿದೆ ಹೇಳು’ ಅನ್ನುತ್ತಿದ್ದರು. ಕೆಲವು ಕಾಲ ಕ್ರೈಂ ಬಿಡಿಸಿ ಚಳ್ಳಕೆರೆಯ ಶೇಂಗಾ ರೇಟು ಬರೆಯೋಕೆ ಹಾಕಿದರು. ಎಂಥ ಬೇಜಾರಿನ ಕೆಲಸ! ಆದರೆ ನಿದ್ದೆ ಬಂತು.

ಇದನ್ನು ಹೇಳಿದ್ದು ನಿಮ್ಮ ಕೊನೇ ಪುಟಕ್ಕಾಗಿ. ‘ಯೋಗ ಮಾಡಿ, ಧ್ಯಾನ ಮಾಡಿ, ಸಕಾರಾತ್ಮಕವಾಗಿ ಯೋಚಿಸಿ, ಸಾಕಷ್ಟು ನೀರು ಕುಡಿಯಿರಿ.’ ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಸಾಲು ಸಾಲು ನೈಟ್ ಡ್ಯೂಟಿ, ಇಡೀ ವಾರ್ಡಿಗೆ ಒಬ್ಬರೇ ಅಂತ. ಆ ಡ್ಯೂಟಿ ಚಾರ್ಟ್ ಬರೆದವರು ಕೊನೇ ಪುಟದಲ್ಲಿ ಎಲ್ಲಿ ಹೋದರು? ಯೋಗ ಬೇಡ ಅಂತಲ್ಲ. ಆದರೆ ಪರಿಹಾರವೆಲ್ಲ ಸುಮ್ನೆ ನರ್ಸ್ ತಲೆಗೇ ಕಟ್ಟಿದ್ದೀರಲ್ಲ, ಅದಕ್ಕೆ ಸಿಟ್ಟು ಬಂತು. ಒಂದು ಸಾವಾದ ಮೇಲೆ ಹತ್ತು ನಿಮಿಷ ಕೂತು ಮಾತಾಡೋಕೆ ನಿಮಗೊಂದು ರೂಮಿದೆಯೇ? ಐಸಿಯುನಲ್ಲಿ ಬಹಳ ದಿನ ಇದ್ದವರನ್ನು ಒಪಿಡಿಗೆ ಬದಲಿಸುತ್ತಾರೆಯೇ? ಕೇಳಿಸಿಕೊಳ್ಳುವ ಹಿರಿಯ ಸಿಸ್ಟರ್ ಯಾರಾದರೂ ಇದ್ದಾರೆಯೇ? ಇದನ್ನು ಬರೆಯಿರಿ.

ಅದೇ ಪುಟದಲ್ಲಿ ‘ಕೆಲಸ ಜಾಸ್ತಿಯಾದರೆ ಕರುಣೆ ಬತ್ತುತ್ತದೆ’ ಅಂದಿದ್ದೀರಿ. ಅರ್ಧ ಸರಿ. ಹೊರೆಯಿಂದ ನಿಧಾನವಾಗಿ ಏರುವ ಬರ್ನ್‌ಔಟ್, ಅಂದರೆ ಕೆಲಸದಲ್ಲಿ ಪೂರ್ತಿ ಬಸವಳಿಯುವುದು, ಬ್ಯಾಂಕ್ ಗುಮಾಸ್ತರಿಗೂ ಬರುತ್ತದೆ. ನಿಮ್ಮಂಥವರಿಗೆ ಅದರ ಜೊತೆ ಇನ್ನೊಂದು ಸೇರುತ್ತದೆ. ಬೇರೆಯವರ ನೋವನ್ನು ನೋಡಿ ನೋಡಿ ಅದು ನಿಮ್ಮೊಳಗೇ ಇಳಿಯುತ್ತದೆ. ಒಂದೇ ಸಾವಿನ ನಂತರ ದಿಢೀರನೆ ಬಂದರೂ ಬಂತು. ಕನಸಲ್ಲಿ ವಾರ್ಡು, ಒಂದು ಬೆಡ್ಡಿನ ಹತ್ತಿರ ಹೋಗೋಕೆ ಕಾಲೇ ಏಳದಿರುವುದು, ಸಣ್ಣದಕ್ಕೂ ಸಿಡುಕು. ಅಮೆರಿಕದ ಕಾರ್ಲಾ ಜಾಯ್ನ್‌ಸನ್ 1992ರಲ್ಲೇ ನರ್ಸ್‌ಗಳ ಈ ದಣಿವಿನ ಬಗ್ಗೆ ಬರೆದಿದ್ದರು. ‘ಪ್ರೊಕ್ವಾಲ್’ ಅಂತ 30 ಪ್ರಶ್ನೆಗಳ ಪಟ್ಟಿಯೊಂದಿದೆ. ಕಳೆದ 30 ದಿನ ಹೇಗಿತ್ತು ಅಂತ ಕೇಳುತ್ತದೆ. ಬರ್ನ್‌ಔಟ್‌ಗೆ ಬೇರೆ ಅಂಕ, ಬೇರೆಯವರ ಆಘಾತ ತಟ್ಟಿದ್ದಕ್ಕೆ ಬೇರೆ, ಕೆಲಸ ಕೊಡುವ ಸಮಾಧಾನಕ್ಕೆ ಬೇರೆ. ಕಾಯಿಲೆ ಇದೆ ಇಲ್ಲ ಅಂತ ಅದು ಹೇಳಲ್ಲ, ಆದರೆ ಬರೆಯೋ ಮೊದಲು ತುಂಬಿ ನೋಡಿ. ನಿಮ್ಮ ಅರ್ಧ ಲೇಖನ ಅಲ್ಲೇ ಸಿಗುತ್ತದೆ.

ನಿದ್ದೆಯಿಲ್ಲ ಅಂತ ಬರೆದದ್ದು ಬರೀ ಅಲಂಕಾರಕ್ಕಲ್ಲ ಅಂದುಕೊಂಡಿದ್ದೇನೆ. ಹಾಗಿದ್ದರೆ ಲೇಖನ ಕಾಯಲಿ, ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆಮೇಲೆ ಬೆಡ್ ಖಾಲಿಯಾಯಿತು ಅನ್ನುವ ಆ ಸಾಲಿನಿಂದಲೇ ಶುರುಮಾಡಿ ಮತ್ತೆ ಬರೆಯಿರಿ. ಅಜ್ಜಿಯ ಮನೆಯವರಿಗೆ ಗುರುತು ಸಿಗದ ಹಾಗೆ ಬೆಡ್ ನಂಬರು, ಊರು ಬದಲಿಸಿ. ನಿಮ್ಮ ಹೆಸರು ಹಾಕಬೇಡಿ ಅಂದರೆ ಹಾಕುವುದಿಲ್ಲ. ನಾಲ್ಕು ಪುಟ ಮೀರದಿರಲಿ. ಶೀರ್ಷಿಕೆ ಮಾತ್ರ ನಾನಿಡುತ್ತೇನೆ.