ಸೋಲಾರ್ ಪ್ಯಾನೆಲ್ ಪರೀಕ್ಷೆ: ಕಾಲೇಜಿನ ವಿಂಡ್ ಟನಲ್ ಸಾಕಾ?

ಪ್ರಶ್ನೆ: ಸರ್, ಪಾವಗಡದ ಸೋಲಾರ್ ಪಾರ್ಕ್ ನೋಡಿ ಬಂದ ಮೇಲೆ, ಪ್ಯಾನೆಲ್‌ಗೆ ಗಾಳಿಯ ಹೊಡೆತ ಎಷ್ಟು ಬೀಳುತ್ತೆ ಅಂತ ಅಳೆಯುವ ಪ್ರಾಜೆಕ್ಟ್ ತಗೊಂಡಿದ್ದೇವೆ. ನಮ್ಮ ಕಾಲೇಜಿನ ವಿಂಡ್ ಟನಲ್ (ಫ್ಯಾನಿನಿಂದ ಗಾಳಿ ಹಾಯಿಸಿ ಮಾಡೆಲ್ ಪರೀಕ್ಷಿಸುವ ಕೊಳವೆ) 30 ಸೆಂ.ಮೀ. ಅಗಲ, ಅಷ್ಟೇ ಎತ್ತರ. ಮಾಡೆಲ್ 20×10 ಸೆಂ.ಮೀ., ಓರೆ 30 ಡಿಗ್ರಿ. ಬಲ ಲೆಕ್ಕಕ್ಕಿಂತ ಜಾಸ್ತಿ ಬರುತ್ತಿದೆ. ಬೆಂಗಳೂರಿನ ದೊಡ್ಡ ಟನಲ್‌ಗೇ ಹೋಗಬೇಕಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ಬೆಂಗಳೂರು ಆಮೇಲೆ. ಮೊದಲು ಮಾಡೆಲ್ ಚಿಕ್ಕದು ಮಾಡಿ.

ಟನಲ್‌ನ ಬಾಯಿ 900 ಚದರ ಸೆಂ.ಮೀ. ಓರೆಯಾಗಿ ನಿಂತ ನಿಮ್ಮ ಪ್ಯಾನೆಲ್ ಅದರಲ್ಲಿ 100 ಚ.ಸೆಂ.ಮೀ. ಅಡ್ಡಗಟ್ಟುತ್ತೆ, ಅಂದರೆ ಶೇ 11. ಗಾಳಿ ಉಳಿದ ಸಂದಿಯಲ್ಲೇ ನುಗ್ಗಬೇಕಲ್ವಾ, ವೇಗ ಏರುತ್ತೆ, ಬಲ ವೇಗದ ವರ್ಗದಂತೆ ಹೆಚ್ಚೋದರಿಂದ ವೇಗ ಶೇ 10 ಏರಿದರೆ ಬಲ ಶೇ 21 ಏರುತ್ತೆ. ಅಡ್ಡ ಶೇ 5ರೊಳಗಿರಲಿ. 10×5 ಸೆಂ.ಮೀ. ಮಾಡಿದರೆ ಶೇ 3ರೊಳಗೇ ಬರುತ್ತೆ.

ಆಗ ಬೇರೆ ತೊಂದರೆ ಶುರು. ಸೆಕೆಂಡಿಗೆ 20 ಮೀಟರ್ ಗಾಳಿಗೆ ಆ ಪುಟ್ಟ ಹಲಗೆಯ ಮೇಲೆ ಬೀಳೋದು ಸುಮಾರು 1 ನ್ಯೂಟನ್, ನೂರು ಗ್ರಾಂ ತೂಕದಷ್ಟು. 10 ಕೆ.ಜಿ.ವರೆಗೆ ಅಳೆಯುವ ಲೋಡ್ ಸೆಲ್ (ಬಲ ಅಳೆಯುವ ಸಾಧನ) ಹಾಕಿದ್ದರೆ ಇಷ್ಟು ಸಣ್ಣ ಬಲ ಫ್ಯಾನಿನ ನಡುಕದಲ್ಲೇ ಕಳೆದುಹೋಗಬಹುದು. ಚಿಕ್ಕ ಸೆಲ್ ಹಾಕಿ. ಪ್ಯಾನೆಲ್ ತೆಗೆದು, ಅದನ್ನು ಹಿಡಿದಿದ್ದ ಬರೀ ಕಂಬಿಯ ಮೇಲೆ ಬೀಳೋ ಬಲವನ್ನೂ ಅಳೆದು ಕಳೆಯಿರಿ, ಇದನ್ನು ಮರೆಯೋರೇ ಜಾಸ್ತಿ. ಫ್ಯಾನ್ ನಿಂತ ಮೇಲೆ ಸೊನ್ನೆಗೆ ವಾಪಸ್ ಬಂತಾ ನೋಡಿ. ಬರದಿದ್ದರೆ ಆ ರೀಡಿಂಗ್ ಬಿಡಿ.

ಮಾಡೆಲ್ ಚಿಕ್ಕದಾದರೆ ರೆನಾಲ್ಡ್ಸ್ ಸಂಖ್ಯೆ (ವೇಗ, ಗಾತ್ರ, ಗಾಳಿಯ ಸ್ನಿಗ್ಧತೆ ಸೇರಿಸಿ ಹರಿವಿನ ಬಗೆ ಹೇಳುವ ಅಂಕಿ) ನಿಜವಾದ ಪ್ಯಾನೆಲ್‌ನದಕ್ಕೆ ಹೊಂದಲ್ಲ ಅಂತ ಯಾರಾದರೂ ತಕರಾರು ತೆಗೆಯುತ್ತಾರೆ. ಚೆಂಡಿಗೋ ಕಾರಿಗೋ ಆದರೆ ಮಾತು ನಿಜ. ಪ್ಯಾನೆಲ್ ಅಂಚು ಚೂಪು, ಗಾತ್ರ ಎಷ್ಟಿದ್ದರೂ ಗಾಳಿ ಮೈ ಬಿಟ್ಟು ಸರಿಯೋದು ಅಲ್ಲೇ, ಹಾಗಾಗಿ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ.

ನಿಜವಾದ ಕೊರತೆ ಬೇರೆ. ಟನಲ್‌ನ ಜೇನುಗೂಡು ಜಾಲರಿ ಗಾಳಿಯನ್ನು ನುಣುಪು ಮಾಡಿಬಿಡುತ್ತೆ. ಪಾವಗಡದ ಬಯಲಲ್ಲಿ ಗಾಳಿ ಬಿಟ್ಟು ಬಿಟ್ಟು ಬೀಸುತ್ತೆ, ನೆಲದ ಹತ್ತಿರ ನಿಧಾನ. ಮಾಡೆಲ್ ಕೆಳಗೆ ನೆಲದ ಬದಲು ಒಂದು ಪ್ಲೈವುಡ್ ಹಲಗೆಯನ್ನಾದರೂ ಕೂರಿಸಿ. ಸಾಲು ಸಾಲು ಪ್ಯಾನೆಲ್ ಇಟ್ಟು, ಮುಂದಿನ ಸಾಲು ಹಿಂದಿನದಕ್ಕೆ ಎಷ್ಟು ಮರೆಯಾಗುತ್ತೆ ಅಂತ ನೋಡೋ ಹೊತ್ತಿಗೆ ದೊಡ್ಡ ಟನಲ್ ಬೇಕಾಗುತ್ತೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 14×9 ಅಡಿಯದ್ದಿದೆ, ಐಐಟಿ ಕಾನ್ಪುರದಲ್ಲಿ 3×2.25 ಮೀಟರಿನದ್ದು. ವಿಭಾಗದ ಮುಖ್ಯಸ್ಥರ ಪತ್ರ, ಮಾಡೆಲ್ ಹಿಡಿಸೋ ಡ್ರಾಯಿಂಗ್, ಜೊತೆಗೆ ಈ ಚಿಕ್ಕ ಟನಲ್‌ನ ರೀಡಿಂಗ್ ಇಟ್ಟುಕೊಂಡು ವಿಚಾರಿಸಿ. ಎಷ್ಟು ವೇಗ ಬೇಕು, ಎಷ್ಟು ಬಲ ಬೀಳುತ್ತೆ ಅಂತ ಕೇಳಿದರೆ ಕೂಡಲೇ ಹೇಳಬಹುದು.