ಓದುಗರ ಪ್ರಶ್ನೆ: ‘ರಿಟನ್ ಆಫ್’ ಆದ ಕಾರ್ಡ್ ಬಾಕಿ ಮತ್ತು ಮುಂದಿನ ಗೃಹಸಾಲ

ಪ್ರಶ್ನೆ: ನನಗೆ 34 ವರ್ಷ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿದ್ದಾಗ, 2018ರಲ್ಲಿ, ಕ್ರೆಡಿಟ್ ಕಾರ್ಡ್ ಪಡೆದಿದ್ದೆ. 2020ರ ಲಾಕ್‌ಡೌನ್‌ನಲ್ಲಿ ಕೆಲಸ ಹೋಯಿತು. ಆ ವರ್ಷದ ಸೆಪ್ಟೆಂಬರ್ ನಂತರ ಒಂದು ರೂಪಾಯಿಯನ್ನೂ ಕಟ್ಟಲಾಗಲಿಲ್ಲ. ಆಗಿನ ಬಾಕಿ ಸುಮಾರು 68,000 ರೂಪಾಯಿ. ಈಗ ಊರಿನಲ್ಲೇ ಕೆಲಸ ಸಿಕ್ಕಿದೆ. ವಸೂಲಾತಿ ಏಜೆಂಟರು ಫೋನ್ ಮಾಡಿ, ಬಾಕಿ 2.40 ಲಕ್ಷವಾಗಿದೆ, 90,000 ಕಟ್ಟಿದರೆ ಸೆಟಲ್‌ಮೆಂಟ್ ಮಾಡಿಸುತ್ತೇವೆ, ಇಲ್ಲವಾದರೆ ಪೊಲೀಸರು ಮನೆಗೆ ಬರುತ್ತಾರೆ ಎನ್ನುತ್ತಿದ್ದಾರೆ. ನನ್ನ ಸಾಲಗಳ ದಾಖಲೆಯಾದ ಸಿಬಿಲ್ ವರದಿಯಲ್ಲಿ ‘ರಿಟನ್ ಆಫ್’ ಎಂದಿದೆ, ಸ್ಕೋರ್ 571. ಬ್ಯಾಂಕೇ ಮನ್ನಾ ಮಾಡಿದ ಮೇಲೆ ಕಟ್ಟುವುದೇಕೆ ಎಂದು ಗೆಳೆಯರು ಕೇಳುತ್ತಾರೆ. ತಂದೆಯವರ ನಿವೇಶನದಲ್ಲಿ ಮನೆ ಕಟ್ಟಲು ಎರಡು ವರ್ಷದೊಳಗೆ ಗೃಹಸಾಲ ಬೇಕಾಗಿದೆ. ದಯವಿಟ್ಟು ದಾರಿ ತೋರಿಸಿ.
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿಯಲ್ಲ. ಬ್ಯಾಂಕು ಒಂದು ಖಾತೆಯನ್ನು ‘ರೈಟ್ ಆಫ್’ ಮಾಡುತ್ತದೆಂದರೆ, ಆ ಹಣ ಬರುವ ಭರವಸೆಯಿಲ್ಲವೆಂದು ತನ್ನ ಲೆಕ್ಕಪುಸ್ತಕದ ಆಸ್ತಿಗಳ ಪಟ್ಟಿಯಿಂದ ಅದನ್ನು ತೆಗೆದುಹಾಕುತ್ತದೆ, ಅಷ್ಟೇ. ಇದು ಲೆಕ್ಕದ ಕ್ರಮವೇ ಹೊರತು ಗ್ರಾಹಕನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಂತಲ್ಲವೆಂದು ರಿಸರ್ವ್ ಬ್ಯಾಂಕು 2023ರ ಜೂನ್ ತಿಂಗಳ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ರೈತರ ಸಾಲಮನ್ನಾದ ಸುದ್ದಿಗಳನ್ನು ಕೇಳುತ್ತ ಬೆಳೆದ ನಮಗೆ ಎರಡೂ ಒಂದೇ ಎಂಬ ಭಾವನೆ ಬರುವುದು ಸಹಜ; ಆದರೆ ನಿಮ್ಮ ಸಾಲ ಹಾಗೆಯೇ ಇದೆ.

ಪೊಲೀಸರ ಭಯವನ್ನು ಮಾತ್ರ ಬಿಟ್ಟುಬಿಡಿ. ಉದ್ಯೋಗ ಕಳೆದುಕೊಂಡು ಕಾರ್ಡಿನ ಬಾಕಿ ಕಟ್ಟಲಾಗದೆ ಹೋದದ್ದು ಅಪರಾಧವಲ್ಲ, ಅದು ಸಿವಿಲ್ ವ್ಯಾಜ್ಯದ ವಿಷಯ. ಏಜೆಂಟರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನೆಂಟರಿಷ್ಟರ ಮುಂದೆ ಅವಮಾನಿಸುವಂತಿಲ್ಲ. ಹಾಗೆ ಮಾಡಿದರೆ ದಿನಾಂಕ, ಸಮಯ, ಫೋನ್ ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಸೆಟಲ್‌ಮೆಂಟಿನ ಹೆಸರಿನಲ್ಲಿ ಯಾರಿಗೂ ಚೆಕ್ ಬರೆದುಕೊಡಬೇಡಿ. ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ, ಈವರೆಗೆ ಇಲ್ಲದ ಕ್ರಿಮಿನಲ್ ಪ್ರಕರಣವೊಂದು ನಿಮ್ಮ ಮೇಲೆ ಬರಬಹುದು.

ಇನ್ನು ಕಾಲಮಿತಿಯ ಪ್ರಶ್ನೆ. ಇಂಥ ಬಾಕಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಮೂರು ವರ್ಷಗಳ ಅವಕಾಶ ಕೊಡುತ್ತದೆ. ಕೋವಿಡ್ ಕಾರಣದಿಂದ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಎಣಿಕೆಯಿಂದ ಹೊರಗಿಟ್ಟಿರುವುದರಿಂದ, ನಿಮ್ಮ ಮೂರು ವರ್ಷಗಳು 2022ರ ಮಾರ್ಚ್‌ನಿಂದ ಆರಂಭವಾಗಿ 2025ರ ಫೆಬ್ರುವರಿ ಕೊನೆಗೆ ಮುಗಿದಿರಬೇಕು. ಆದರೆ ಆ ನಡುವೆ ನೀವು ಸಾಲವನ್ನು ಒಪ್ಪಿಕೊಂಡು ಪತ್ರವನ್ನೋ ಇ–ಮೇಲನ್ನೋ ಕಳಿಸಿದ್ದರೆ ಲೆಕ್ಕ ಬದಲಾಗುತ್ತದೆ. ಅವಧಿ ಮುಗಿದ ಮೇಲೂ ಕೊಡುತ್ತೇನೆಂದು ಬರೆದು ಸಹಿ ಮಾಡಿದರೆ ಆ ಬರಹವೇ ಹೊಸ ಕರಾರಾಗುತ್ತದೆ. ಆದ್ದರಿಂದ ಕಾಗದಗಳನ್ನು ವಕೀಲರಿಗೆ ತೋರಿಸುವ ಮೊದಲು ಏನನ್ನೂ ಬರೆದುಕೊಡಬೇಡಿ. ಒಂದು ಮಾತನ್ನು ಮಾತ್ರ ಮರೆಯಬಾರದು: ಕಾಲಮಿತಿ ಮುಗಿದರೆ ದಾವೆಯ ಬಾಗಿಲು ಮುಚ್ಚೀತೇ ವಿನಾ ಸಿಬಿಲ್ ವರದಿಯ ನಮೂದು ಅಳಿಯುವುದಿಲ್ಲ. ಮನೆ ಕಟ್ಟುವ ಉದ್ದೇಶವಿಲ್ಲದವರಿಗೆ ಈ ರಕ್ಷಣೆ ಸಾಕಾಗಬಹುದು, ನಿಮಗೆ ಸಾಲದು. ನೀವು ಬಾಕಿ ತೀರಿಸುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಯಾರಿಗೆ, ಎಷ್ಟು, ಹೇಗೆ ತೀರಿಸಬೇಕೆಂಬುದು ನಿಜವಾದ ಪ್ರಶ್ನೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಈ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಮೊದಲು ಅವನ್ನು ತರಿಸಿ, ಸಾಲ ಈಗಲೂ ಬ್ಯಾಂಕಿನ ಹೆಸರಿನಲ್ಲಿದೆಯೇ ಅಥವಾ ಇಂಥ ಬಾಕಿ ಸಾಲಗಳನ್ನು ಕೊಳ್ಳುವ ಆಸ್ತಿ ಪುನರ್‌ರಚನಾ ಕಂಪನಿಗೆ ಮಾರಾಟವಾಗಿದೆಯೇ ನೋಡಿ. ಬಳಿಕ ಬ್ಯಾಂಕಿನ (ಸಾಲ ಮಾರಾಟವಾಗಿದ್ದರೆ ಆ ಕಂಪನಿಯ) ದೂರು ಪರಿಹಾರ ಅಧಿಕಾರಿಗೆ ಬರೆದು ಅಸಲು, ಬಡ್ಡಿ, ವಿಳಂಬ ಶುಲ್ಕ, ಜಿಎಸ್‌ಟಿಗಳ ವಿಂಗಡಣೆಯನ್ನು ಕೇಳಿ. ಆ ಪತ್ರದಲ್ಲಿ ‘ಈ ಮೊತ್ತವನ್ನು ನಾನು ಒಪ್ಪಿಕೊಂಡಿಲ್ಲ’ ಎಂಬ ಸಾಲು ಇರಲಿ. 68,000 ರೂಪಾಯಿ 2.40 ಲಕ್ಷವಾಗಿರುವುದು ತಿಂಗಳಿಗೆ ಮೂರೂವರೆ ಶೇಕಡಾ ಆಸುಪಾಸಿನ ಬಡ್ಡಿಯಿಂದ ಮತ್ತು ಶುಲ್ಕಗಳಿಂದ. ಮಾತುಕತೆಗೆ ಅವಕಾಶ ಇರುವುದೂ ಅಲ್ಲಿಯೇ.

ಏಜೆಂಟರು ಹೇಳುವ 90,000ದ ಸೆಟಲ್‌ಮೆಂಟಿಗೆ ಒಪ್ಪಿದರೆ ವರದಿಯಲ್ಲಿ ‘ಸೆಟಲ್ಡ್’ ಎಂದು ಬರುತ್ತದೆ. ಗೃಹಸಾಲ ಮಂಜೂರು ಮಾಡುವವರು ಅದನ್ನು ‘ಪೂರ್ತಿ ಕಟ್ಟಲಿಲ್ಲ’ ಎಂದೇ ಓದುತ್ತಾರೆ. ಅದಲ್ಲದೆ, ರಾಜಿ ಮಾಡಿಕೊಂಡವರಿಗೆ ಹೊಸ ಸಾಲ ಕೊಡುವ ಮೊದಲು ಕನಿಷ್ಠ 12 ತಿಂಗಳ ಅಂತರವಿರಬೇಕೆಂದು ಅದೇ 2023ರ ಸುತ್ತೋಲೆ ಹೇಳುತ್ತದೆ. ಆದ್ದರಿಂದ ಬ್ಯಾಂಕು ದಂಡ ಮತ್ತು ಶುಲ್ಕಗಳನ್ನು ರದ್ದುಮಾಡಿ, ಉಳಿದದ್ದನ್ನು ಪೂರ್ಣ ಪಾವತಿಯೆಂದು ಪರಿಗಣಿಸಿ ಖಾತೆಯನ್ನು ‘ಕ್ಲೋಸ್ಡ್’ ಎಂದು ವರದಿ ಮಾಡಲು ಒಪ್ಪುವುದೇ ಎಂದು ಕೇಳಿ. ಅದಕ್ಕೆ ಇನ್ನೂ 20–30 ಸಾವಿರ ಹೆಚ್ಚು ಬೇಕಾದರೂ, ಗೃಹಸಾಲದ ಬಡ್ಡಿದರದಲ್ಲಿ ಅರ್ಧ ಶೇಕಡಾ ವ್ಯತ್ಯಾಸವಾದರೆ ಇಪ್ಪತ್ತು ವರ್ಷಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಕಳೆದುಕೊಳ್ಳುತ್ತೀರಿ. ಬ್ಯಾಂಕು ಒಪ್ಪದಿದ್ದರೆ, ಕೈಯಲ್ಲಿ ಹಣವೂ ಇಲ್ಲದಿದ್ದರೆ, ಸೆಟಲ್‌ಮೆಂಟ್ ಕೂಡ ಕೆಟ್ಟದ್ದೇನಲ್ಲ. ಬಾಕಿ ಹಾಗೆಯೇ ಉಳಿಯುವುದಕ್ಕಿಂತ ಅದು ಮೇಲು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ನ್ಯಾಯಾಲಯದ ಡಿಕ್ರಿಯ (ತೀರ್ಪಿನ) ಬೆಲೆ ಇರುತ್ತದೆ.

ಏನೇ ಒಪ್ಪಿದರೂ, ಮೊತ್ತ, ಕೊನೆಯ ದಿನ, ವರದಿಯಲ್ಲಿ ಬರುವ ಪದ ಈ ಮೂರನ್ನೂ ತಿಳಿಸುವ ಪತ್ರ ಬ್ಯಾಂಕಿನಿಂದ ಬಂದ ಮೇಲೆಯೇ, ನೇರವಾಗಿ ಕಾರ್ಡ್ ಖಾತೆಗೆ ಹಣ ಕಟ್ಟಿ. ಏಜೆಂಟರ ಯುಪಿಐಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಕಟ್ಟಿದ ಮೇಲೆ ನೋ ಡ್ಯೂಸ್ ಸರ್ಟಿಫಿಕೇಟ್ (ಬಾಕಿಯಿಲ್ಲವೆಂಬ ಪತ್ರ) ಪಡೆಯಿರಿ. 30 ದಿನಗಳಲ್ಲಿ ವರದಿ ತಿದ್ದುಪಡಿಯಾಗಬೇಕು. ಆಗದಿದ್ದರೆ ಸಿಬಿಲ್‌ಗೆ ದೂರು ಕೊಡಿ. ದೂರು 30 ದಿನಗಳಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ.

ಸ್ಕೋರ್ ಕಟ್ಟುವ ಕೆಲಸವನ್ನು ಈ ತಿಂಗಳಿಂದಲೇ ಆರಂಭಿಸಬಹುದು. ಬೇರೊಂದು ಬ್ಯಾಂಕಿನಲ್ಲಿ 20–25 ಸಾವಿರದ ಎಫ್‌ಡಿ ಇಟ್ಟು ಅದರ ಆಧಾರದ ಮೇಲೆ ಕಾರ್ಡ್ ಕೇಳಿ; ಹಳೆಯ ಬಾಕಿಯಿದ್ದರೂ ಎಫ್‌ಡಿ ಭದ್ರತೆಯಿರುವುದರಿಂದ ಸಿಗುವ ಸಾಧ್ಯತೆ ಹೆಚ್ಚು. ಮಿತಿಯ ಮೂರನೇ ಒಂದು ಭಾಗ ದಾಟದಂತೆ ದಿನಸಿ, ಪೆಟ್ರೋಲಿಗೆ ಬಳಸಿ, ಕನಿಷ್ಠ ಮೊತ್ತವನ್ನಲ್ಲದೆ ಪೂರ್ಣ ಮೊತ್ತವನ್ನು ಆಟೋ ಡೆಬಿಟ್ ಮೂಲಕ ಕಟ್ಟಿ. ಐದಾರು ಕಡೆ ಒಟ್ಟಿಗೆ ಸಾಲದ ಅರ್ಜಿ ಹಾಕಬೇಡಿ, ಅರ್ಜಿಗಾಗಿ ಬ್ಯಾಂಕು ನಿಮ್ಮ ವರದಿಯನ್ನು ತರಿಸಿ ನೋಡಿದ ಪ್ರತಿ ಸಲವೂ ಅದು ವರದಿಯಲ್ಲಿ ದಾಖಲಾಗುತ್ತದೆ. ಹಣ ಪಡೆದು ಸ್ಕೋರ್ ಸರಿಪಡಿಸುತ್ತೇವೆ ಎನ್ನುವವರಿಂದ ದೂರವಿರಿ. ನಿಜವಾದ ನಮೂದನ್ನು ಅಳಿಸುವ ಅಧಿಕಾರ ಅವರಿಗಿಲ್ಲ.

ಬಾಕಿ ತೀರಿದ ದಿನದಿಂದ ಒಂದು ವರ್ಷದಿಂದ ಒಂದೂವರೆ ವರ್ಷ ಬಿಟ್ಟು ಗೃಹಸಾಲದ ಅರ್ಜಿ ಹಾಕಿ. ಜೊತೆಗೆ ನೋ ಡ್ಯೂಸ್ ಸರ್ಟಿಫಿಕೇಟ್, ಕೆಲಸ ಹೋದ 2020ರ ಪತ್ರ, ಈಗಿನ ಸಂಬಳದ ಚೀಟಿಗಳನ್ನು ಇಟ್ಟುಕೊಂಡು ಶಾಖೆಯ ವ್ಯವಸ್ಥಾಪಕರನ್ನು ಮುಖತಃ ಕಂಡು, ನಡೆದದ್ದನ್ನು ಅವರು ವರದಿಯಲ್ಲಿ ಓದುವ ಮೊದಲೇ ನೀವಾಗಿ ಹೇಳಿ.