ಪೋಲೆಂಡಿನ ಸಹೋದ್ಯೋಗಿಗಳ ಹೆಸರುಗಳ ಕುರಿತು

ಕೆಲಸಕ್ಕಾಗಿ ವ್ರೋತ್ಸ್ವಾಫ್ ನಗರಕ್ಕೆ ಬರಲಿರುವ ನೀವು, ತಂಡದ ಪಟ್ಟಿಯಲ್ಲಿ ಸ್ತಾನಿಸ್ವಾಫ್, ವೋಯ್ಚೆಖ್, ಜ್ಬಿಗ್ನ್ಯೆಫ್ ಎಂಬ ಹೆಸರುಗಳನ್ನು ಕಂಡು, ಇವುಗಳಿಗೆ ಅರ್ಥವಿದೆಯೇ, ಇವರನ್ನು ಹೇಗೆ ಕರೆಯಬೇಕು ಎಂದು ಕೇಳಿದ್ದೀರಿ.

ಅರ್ಥ ಖಂಡಿತ ಇದೆ. ಹಳೆಯ ಸ್ಲಾವ್ (ಪೋಲಿಷ್, ರಷ್ಯನ್ ಮೊದಲಾದವು ಸೇರಿದ ಭಾಷಾಬಳಗ) ಗಂಡು ಹೆಸರುಗಳಲ್ಲಿ ಬಹಳಷ್ಟು ನಮ್ಮ ಸಮಾಸಪದಗಳ ಹಾಗೆ ಎರಡು ಪದ ಸೇರಿ ಆದವು; ಮಗು ಹೀಗೆ ಬೆಳೆಯಲಿ ಎಂಬ ಹಾರೈಕೆ ಅವುಗಳಲ್ಲಿರುತ್ತದೆ. ಕೊನೆಯಲ್ಲಿ ಬರುವ ‘ಸ್ವಾಫ್’ ಎಂದರೆ ಕೀರ್ತಿ. ಅದೇ ಅರ್ಥದ ವೇದದ ‘ಶ್ರವಸ್’ ಇದರ ದೂರದ ಬಂಧು. ಬೋಗುಸ್ವಾಫ್ ಎಂಬಲ್ಲಿ ಅದಕ್ಕೆ ದೇವರು ಸೇರಿದ್ದಾನೆ, ವ್ವಾದಿಸ್ವಾಫ್ ಎಂಬಲ್ಲಿ ಆಳ್ವಿಕೆ. ವೋಯ್ಚೆಖ್ ಹೆಸರಿನಲ್ಲಿ ಯೋಧ ಮತ್ತು ಸಂತಸ ಎಂಬ ಪದಗಳಿವೆ. ಜ್ಬಿಗ್ನ್ಯೆಫ್ ಎಂದರೆ ಕೋಪವನ್ನು ಕಳೆದುಕೊಂಡವನು. ಆ ಹೆಸರಿನ ಒಬ್ಬರ ಕೈಕೆಳಗೆ ದುಡಿದಿರುವ ನನಗೆ, ಹಾರೈಕೆಗಳೆಲ್ಲ ಫಲಿಸುವುದಿಲ್ಲವೆಂದು ಗೊತ್ತು.

ಇದೇ ಪಟ್ಟಿಯಲ್ಲಿ ಯಾನ್, ಪ್ಯೋತ್ರ್, ತೋಮಾಶ್ ಕೂಡ ಇರುತ್ತಾರೆ. ಇವು ಸ್ಲಾವ್ ಮೂಲದವಲ್ಲ; 966ರಲ್ಲಿ ದೊರೆ ಮ್ಯೆಶ್ಕೋ ಕ್ರೈಸ್ತಮತ ಸ್ವೀಕರಿಸಿದ ಮೇಲೆ ಚರ್ಚಿನೊಂದಿಗೆ ಬಂದವು. ಕ್ರಮೇಣ ಸಂತರ ಹೆಸರಿಡುವುದೇ ರೂಢಿಯಾಗಿ ಹಳೆಯ ಹೆಸರುಗಳು ಹಿಂದೆ ಸರಿದರೂ, ಸ್ವತಃ ಸಂತರಾದವರ ಹೆಸರುಗಳು ಮಾತ್ರ ಉಳಿದುಕೊಂಡವು: 997ರಲ್ಲಿ ಬಾಲ್ಟಿಕ್ ಕರಾವಳಿಯ ಪ್ರಷ್ಯನ್ನರ ನಡುವೆ ಮತಪ್ರಚಾರ ಮಾಡುವಾಗ ಹತನಾದ ವೋಯ್ಚೆಖ್, ರಾಜ ಬೋಲೆಸ್ವಾಫನೊಡನೆ ವಿರಸ ಕಟ್ಟಿಕೊಂಡು 1079ರಲ್ಲಿ ಪ್ರಾಣ ತೆತ್ತ ಕ್ರಾಕೂಫ್‌ನ ಬಿಷಪ್ ಸ್ತಾನಿಸ್ವಾಫ್. ಉಳಿದ ಅನೇಕ ಹೆಸರುಗಳು ಮತ್ತೆ ಚಲಾವಣೆಗೆ ಬಂದದ್ದು, ನೆರೆಯ ಸಾಮ್ರಾಜ್ಯಗಳು ಹಂಚಿಕೊಂಡು ದೇಶವೇ ಭೂಪಟದಲ್ಲಿ ಇಲ್ಲದಿದ್ದ 19ನೆಯ ಶತಮಾನದಲ್ಲಿ.

ಇನ್ನು ಕರೆಯುವ ವಿಚಾರ. ನಿಮ್ಮ ಓರಗೆಯವರು ಮೊದಲ ದಿನವೇ ತಮ್ಮನ್ನು ವೋಯ್ತೆಕ್, ಸ್ತಾಶೆಕ್, ಜ್ಬಿಶೆಕ್ ಎಂದು ಪರಿಚಯಿಸಿಕೊಳ್ಳಬಹುದು. ಹಾಗೆ ಅವರಾಗಿಯೇ ಹೇಳುವವರೆಗೆ ಈ ಮೊಟಕು ರೂಪಗಳನ್ನು ಬಳಸಬೇಡಿ. ಹಿರಿಯರಿಗೆ, ಮನೆ ಮಾಲೀಕರಿಗೆ, ‘ಪಾನ್ಯೆ ಸ್ತಾನಿಸ್ವಾವ್ಯೆ’ ಎನ್ನಬೇಕು. ಸಂಬೋಧನೆಯಲ್ಲಿ ‘ಪಾನ್’ (ಶ್ರೀಯುತ) ಎಂಬ ಗೌರವಪದವೂ ಹೆಸರೂ ಎರಡೂ ರೂಪ ಬದಲಿಸುತ್ತವೆ. ನಾಲಿಗೆ ಹೊರಳಲು ಸಮಯ ಬೇಕು, ಆದರೆ ತಪ್ಪಿದರೂ ಯಾರೂ ನಗುವುದಿಲ್ಲ.

ಹುಟ್ಟುಹಬ್ಬದಷ್ಟೇ, ಹಿರಿಯರಲ್ಲಿ ಅದಕ್ಕಿಂತಲೂ ಹೆಚ್ಚಾಗಿ, ಇಲ್ಲಿ ಹೆಸರಿನ ದಿನವನ್ನು ಆಚರಿಸುತ್ತಾರೆ. ಕ್ಯಾಲೆಂಡರಿನಲ್ಲಿ ಪ್ರತಿ ದಿನಾಂಕದ ಕೆಳಗೆ ಆಯಾ ಹೆಸರುಗಳು ಅಚ್ಚಾಗಿರುತ್ತವೆ: ಏಪ್ರಿಲ್ 23 ವೋಯ್ಚೆಖನದು, ಮೇ 8 ಸ್ತಾನಿಸ್ವಾಫನದು. ಅಂದು ಕಚೇರಿಗೆ ಕೇಕ್ ತರುವುದು ಆ ಹೆಸರಿನವರದೇ ಪಾಳಿ. ನೀವು ಕೈಕುಲುಕಿ ‘ವ್‌ಶಿಸ್ತ್ಕ್ಯೆಗೋ ನಯ್‌ಲೆಪ್‌ಶೆಗೋ’ (ಎಲ್ಲ ಒಳಿತಾಗಲಿ) ಎಂದು ಹಾರೈಸಿದರೆ ಸಾಕು.